ಕಡತದಲ್ಲಿ ಉಳಿದದ್ದು

ಸಂಸತ್ತಿನ ಮೇಲ್ಮನೆಯ ಬಾಗಿಲಲ್ಲಿ ಕ್ರಿಸಂತಾಳನ್ನು ತಡೆದದ್ದು ಚಪ್ಪಲಿಗಾಗಿ.

"ರಬ್ಬರ್ ಚಪ್ಪಲೀಲಿ ಒಳಗೆ ಬಿಡಲ್ಲ ಕಣಮ್ಮ," ಎಂದ ಕಾವಲಿನವನು. "ಬೋರ್ಡ್ ನೋಡು. ಚಡ್ಡಿ ಇಲ್ಲ, ಬನಿಯನ್ ಇಲ್ಲ, ಚಪ್ಪಲಿ ಇಲ್ಲ."

"ನನ್ನನ್ನ ನೀವೇ ಕರೆಸಿರೋದು."

"ನಿನ್ನನ್ನ ಕರೆಸಿದಾರೆ. ನಿನ್ನ ಚಪ್ಪಲೀನ ಕರೆಸಿಲ್ಲ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ವಕೀಲೆ ನೆಲ್ದಾ ಬಗ್ಗಿ ತನ್ನ ಕಪ್ಪು ಬೂಟು ಬಿಚ್ಚಿ ಕೊಟ್ಟಳು. ಚೀಲದಲ್ಲಿ ಅವಳಿಗೆ ಇನ್ನೊಂದು ಜೊತೆ ಇತ್ತು. ಕ್ರಿಸಂತಾಳ ಪಾದ ಒಳಗೆ ಹೋಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಬ್ಬಿನ ಕೂಳೆಗಳ ಮೇಲೆ ನಡೆದ ಪಾದ ಅದು. ಬೆರಳುಗಳು ಬೀಸಣಿಗೆಯ ಹಾಗೆ ಅಗಲವಾಗಿದ್ದವು. ಹಿಮ್ಮಡಿಯನ್ನು ಹೊರಗೇ ಬಿಟ್ಟು, ಬೂಟಿನ ಹಿಂಭಾಗವನ್ನು ತುಳಿದುಕೊಂಡು ಅವಳು ಅಮೃತಶಿಲೆಯ ನೆಲದ ಮೇಲೆ ನಡೆದಳು. ಪ್ರತಿ ಹೆಜ್ಜೆಗೂ ಟಪ್ ಎಂದು ಸದ್ದಾಗುತ್ತಿತ್ತು.

ಸಮಿತಿಯ ಕೋಣೆ ತಣ್ಣಗಿತ್ತು. ಕುದುರೆ ಲಾಳದ ಆಕಾರದ ಮೇಜಿನ ಸುತ್ತ ಒಂಬತ್ತು ಕುರ್ಚಿ. ಐದರಲ್ಲಿ ಜನ ಇದ್ದರು. ನಡುವೆ ಅಧ್ಯಕ್ಷೆ, ಕುತ್ತಿಗೆಗೆ ಮುತ್ತಿನ ಸರ. ಕೆಳಗೆ ಒಂದು ಪುಟ್ಟ ಮೇಜು, ಅದರ ಮೇಲೆ ಮೈಕು. ಅದು ಸಾಕ್ಷಿಯ ಜಾಗ.

"ಪ್ರಮಾಣ ಮಾಡಲು ಬಲಗೈ ಎತ್ತಿ," ಎಂದ ಗುಮಾಸ್ತ.

ಎತ್ತಿದಳು. ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಹತ್ತೊಂಬತ್ತರ ವಯಸ್ಸಿನಲ್ಲಿ ಕಬ್ಬಿನ ಕತ್ತಿ ತೆಗೆದಿತ್ತು. ಎಡಗೈಯನ್ನು ಎತ್ತಲು ಹೇಳಿದ್ದರೆ ಆಗುತ್ತಿರಲಿಲ್ಲ. ಎಡ ಭುಜದೊಳಗೆ ಮೂರು ಸೀಸದ ಗುಂಡುಗಳು ಇನ್ನೂ ಹಾಗೇ ಇದ್ದವು.

"ಏನಾಯ್ತು ಅಂತ ನಿಧಾನವಾಗಿ ಹೇಳಿ," ಎಂದಳು ಅಧ್ಯಕ್ಷೆ. ದನಿ ಮೃದುವಾಗಿತ್ತು.

ಕ್ರಿಸಂತಾ ಹೇಳಿದಳು.

ನೆಗ್ರೋಸ್ ದ್ವೀಪದಲ್ಲಿ ಕಬ್ಬಿನ ಕಟಾವು ಮುಗಿದು ಮುಂದಿನ ಕಟಾವು ಶುರುವಾಗುವ ತನಕ ಕೂಲಿ ಇರುವುದಿಲ್ಲ. ಆ ತಿಂಗಳುಗಳನ್ನು ಅಲ್ಲಿ ಸತ್ತ ಕಾಲ ಎಂದೇ ಕರೆಯುತ್ತಾರೆ. ಸಾಂತಾ ಪಾಸ್ ತೋಟದ ಕೊನೆಯಲ್ಲಿ, ಕಬ್ಬು ಸಾಗಿಸುವ ಹಳೆಯ ರೈಲು ಹಳಿಯ ಪಕ್ಕ, ಹದಿಮೂರು ವರ್ಷದಿಂದ ಪಾಳು ಬಿದ್ದ ಒಂದು ಪಟ್ಟಿ ನೆಲ ಇತ್ತು. ಭೂಸುಧಾರಣೆಯ ಕಾಗದದ ಪ್ರಕಾರ ಅದು ಕೂಲಿಗಳಿಗೆ ಸೇರಬೇಕಾದದ್ದು. ಎಂಟು ಜನ ಅಲ್ಲಿ ಜೋಳ, ಮರಗೆಣಸು ಹಾಕಿದರು. ಇಪ್ಪತ್ತಮೂರನೆಯ ದಿನ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಮಾವಿನ ಮರದ ಕೆಳಗೆ ಕೂತು ಅನ್ನ ಮತ್ತು ಒಣಮೀನು ಉಣ್ಣುತ್ತಿದ್ದರು. ನಾಲ್ಕು ಜನ ಬಂದೂಕು ಹಿಡಿದು ಹಳಿ ದಾಟಿ ಬಂದರು. ಮುಖ ಮುಚ್ಚಿರಲಿಲ್ಲ. ಮುಚ್ಚುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಅವಳ ಗಂಡ ಮೆಲಿತೊನ್ ಮೊದಲು ಎದ್ದ. ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಅನ್ನದ ತುತ್ತು ಹಾಗೇ ಇತ್ತು. ಗುಂಡು ಬಾಯಿಗೆ ಬಿತ್ತು. ಆಮೇಲೆ ಉಳಿದವರಿಗೆ. ಕೂತಲ್ಲೇ ಬಿದ್ದರು. ನಾದಿನಿಯ ಮಗಳು ಲೆಲಾಯ್, ಹದಿನೆಂಟು ವರ್ಷ, ಹೊಟ್ಟೆ ಹಿಡಿದುಕೊಂಡು ತೆವಳುತ್ತಿದ್ದಳು. ಕರುಳು ಬೆರಳಿನ ಸಂದಿಯಲ್ಲಿ ಕಾಣುತ್ತಿತ್ತು. ಒಬ್ಬ ಅವಳ ಬೆನ್ನ ಮೇಲೆ ಕಾಲಿಟ್ಟು ಕುತ್ತಿಗೆಗೆ ಹೊಡೆದ. ಲೆಲಾಯ್ ತೆವಳಿದ್ದನ್ನು ಮಾತ್ರ ಕ್ರಿಸಂತಾ ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಕ್ರಿಸಂತಾ ನೀರು ತರಲು ಎದ್ದು ಮೂರು ಸಾಲು ಆಚೆ ಕಬ್ಬಿನೊಳಗಿದ್ದಳು. ಚದುರಿದ ಗುಂಡು ಭುಜಕ್ಕೆ ತಾಗಿತು. ಎಲೆಯ ಅಲಗು ಕಣ್ಣಿಗೆ ಚುಚ್ಚುತ್ತಿದ್ದರೂ ಕಣ್ಣು ಮುಚ್ಚಲಿಲ್ಲ.

ಕೋಣೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷೆ ಕಣ್ಣು ಒರೆಸಿಕೊಂಡಳು. ಕ್ಯಾಮೆರಾಗಳು ಅವಳ ಕಡೆ ತಿರುಗಿದವು.

"ಆ ನಾಲ್ಕು ಜನರನ್ನ ಬಿಟ್ಟು ಬೇರೆ ಯಾರಾದ್ರೂ ಅಲ್ಲಿದ್ರಾ?"

"ಇದ್ರು. ಹಳಿ ಆಚೆ ನೀಲಿ ಪಿಕಪ್ ನಿಂತಿತ್ತು. ಅದರ ಪಕ್ಕ ತೋಟದ ಒಡೆಯ ನಿಂತಿದ್ದ. ಡಾನ್ ಫೌಸ್ತೊ ಅರ್ಗೆಯೊ."

ಮರದ ಸುತ್ತಿಗೆ ಮೇಜಿಗೆ ಬಿತ್ತು.

ಅಷ್ಟು ಬೇಗ ಬೀಳುತ್ತದೆಂದು ಕ್ರಿಸಂತಾ ಎಣಿಸಿರಲಿಲ್ಲ. ಗುಂಡಿನ ಸದ್ದೆಂದು ತಿಳಿದು ಮೈ ತಾನೇ ಕುಗ್ಗಿತು. ಮೇಜಿನ ಕೆಳಗೆ ಬಗ್ಗಿದಳು. ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು.

"ಆ ಹೆಸರನ್ನ ಕಡತದಿಂದ ತೆಗೀರಿ," ಎಂದಳು ಅಧ್ಯಕ್ಷೆ, ಸ್ಟೆನೋಗ್ರಾಫರ್ ಕಡೆಗೆ. ಆಮೇಲೆ ಇವಳ ಕಡೆಗೆ, ಅದೇ ಮೃದು ದನಿಯಲ್ಲಿ: "ನೋಡಿ ತಾಯಿ, ಅವರು ಕೆಳಮನೆಯ ಸದಸ್ಯರು. ಒಂದು ಮನೆ ಇನ್ನೊಂದು ಮನೆಯ ಸದಸ್ಯರನ್ನ ವಿಚಾರಣೆಗೆ ಎಳೆಯೋ ಹಾಗಿಲ್ಲ. ಇದು ಎರಡು ಮನೆಗಳ ನಡುವಿನ ಸೌಜನ್ಯ. ಬಹಳ ಹಳೇ ಸಂಪ್ರದಾಯ."

"ಸೌಜನ್ಯ ಅಂದ್ರೆ?"

"ಮರ್ಯಾದೆ. ನಾವು ಅವರ ವಿಷಯಕ್ಕೆ ಹೋಗಲ್ಲ, ಅವರು ನಮ್ಮ ವಿಷಯಕ್ಕೆ ಬರಲ್ಲ."

"ಏಳು ಜನ ಸತ್ತಿದಾರೆ."

"ಅದಕ್ಕೇ ನಾವು ಸೇರಿರೋದು. ಮುಂದೆ ಹೀಗಾಗದ ಹಾಗೆ ಕಾನೂನು ಮಾಡೋಕೆ. ನೀವು 'ಒಬ್ಬ ವ್ಯಕ್ತಿ' ಅನ್ನಿ ಸಾಕು."

"ಒಬ್ಬ ವ್ಯಕ್ತಿ ಅಲ್ಲ ಅವನು. ಡಾನ್ ಫೌಸ್ತೊ."

ಸುತ್ತಿಗೆ. "ತೆಗೀರಿ."

ಪೊಲೀಸರು ಮೂರು ಸಲ ಹೀಗೇ ಮಾಡಿದ್ದರು. ಅವಳು ಹೆಸರು ಹೇಳಿದ್ದಳು, ಅವರು 'ಅಪರಿಚಿತ ಬಂದೂಕುಧಾರಿಗಳು' ಎಂದು ಬರೆದಿದ್ದರು. ಜಿಲ್ಲೆಯ ಸರ್ಕಾರಿ ವಕೀಲ ಆ ಕಾಗದವನ್ನೇ ತೋರಿಸಿ, ಇದರಲ್ಲಿ ಯಾರ ಹೆಸರೂ ಇಲ್ಲವಲ್ಲ ಎಂದು ಕೇಸು ಮುಚ್ಚಿದ್ದ. ಎಂಟು ತಿಂಗಳಾಗಿತ್ತು. ಸರ್ಕಾರದ ಒಂದೇ ಒಂದು ಕಾಗದದ ಮೇಲೆ ಆ ಹೆಸರು ಬೀಳಬೇಕು, ಅದನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಒಂದು ದಿನ ಪ್ರಯಾಣ ಮಾಡಿ ಅವಳು ಮನಿಲಾಕ್ಕೆ ಬಂದಿದ್ದು ಇಷ್ಟಕ್ಕೆ.

"ಹಾಗಾದ್ರೆ ಆ ಹೆಸರನ್ನ ಯಾರು ಕೇಳ್ತಾರೆ?" ಎಂದಳು.

ಅಧ್ಯಕ್ಷೆ ಗಡಿಯಾರ ನೋಡಿಕೊಂಡಳು. "ಅವರ ಮನೆಯ ಕಡತದಲ್ಲೇ ಬಂದ್ರೆ ಮಾತು ಬೇರೆ. ಆಗ ಅದನ್ನ ತರಿಸಿ ಇಲ್ಲಿ ಓದಬಹುದು. ಓದಲೇಬೇಕಾಗುತ್ತೆ." ಆಗದ ಮಾತು ಎಂಬ ಹಾಗೆ ನಕ್ಕು ಮುಂದಿನ ಸಾಕ್ಷಿಯನ್ನು ಕರೆದಳು. ಮುಂದಿನ ಸಾಕ್ಷಿ ಕೃಷಿ ಇಲಾಖೆಯ ಅಧಿಕಾರಿ. ಅವನ ಬಳಿ ನಕಾಶೆ ಇತ್ತು.

ಹೊರಗೆ ಬಂದ ಮೇಲೆ ಕ್ರಿಸಂತಾ ಬೂಟು ಕಳಚಿ ನೆಲ್ದಾಳ ಕೈಗೆ ಕೊಟ್ಟಳು. ಹಿಮ್ಮಡಿಯ ಹತ್ತಿರ ರಕ್ತ ಹತ್ತಿತ್ತು.

"ಕ್ಷಮಿಸು. ನಿನ್ನ ಬೂಟು ಹಾಳಾಯ್ತು."

"ಬೂಟಿಗೆ ಬೆಂಕಿ ಬೀಳಲಿ ಮನಾಂಗ್," ಎಂದಳು ನೆಲ್ದಾ. ಅಲ್ಲಿಯವರು ಅಕ್ಕನನ್ನು ಮನಾಂಗ್ ಎನ್ನುತ್ತಾರೆ. "ನಾನು ಹದಿನಾರು ವರ್ಷದಿಂದ ವಕೀಲಿ ಮಾಡ್ತಿದೀನಿ. ಸೌಜನ್ಯ ಅಂತೆ."

ಐದನೆಯ ದಿನ ಕೆಳಮನೆಯಿಂದ ಸಮನ್ಸ್ ಬಂತು. ಡಾನ್ ಎಂದರೆ ಅಲ್ಲಿ ಧಣಿ; ಡಾನ್ ಫೌಸ್ತೊ ಕೈಕಟ್ಟಿ ಕೂರುವವನಲ್ಲ. ತನ್ನ ಮನೆಯ ಕೃಷಿ ಸಮಿತಿಯಿಂದಲೇ ಪ್ರತ್ಯೇಕ ವಿಚಾರಣೆಗೆ ಆದೇಶ ಮಾಡಿಸಿದ್ದ. 'ಸದಸ್ಯರೊಬ್ಬರ ಹೆಸರು ಕೆಡಿಸುವ ಸಂಚಿನ ಬಗ್ಗೆ' ಎಂದು ಅದರ ವಿಷಯ. ಆ ಸಮಿತಿಯ ಉಪಾಧ್ಯಕ್ಷ ಅವನೇ.

ನೆಲ್ದಾ ಕಾಗದವನ್ನು ಎರಡು ಸಲ ಓದಿದಳು. ಅವರಿಬ್ಬರೂ ಒಂದು ಕಾರಿಂದೇರಿಯಾದಲ್ಲಿ, ರಸ್ತೆ ಬದಿಯ ಊಟದ ಅಂಗಡಿಯಲ್ಲಿ, ಕೂತಿದ್ದರು.

"ಅಂದ್ರೆ ಅವನೇ ನನ್ನನ್ನ ಪ್ರಶ್ನೆ ಕೇಳ್ತಾನಾ?"

"ಹೂಂ."

"ಮೇಲ್ಮನೆ ಅವನನ್ನ ಕರೆಯೋ ಹಾಗಿಲ್ಲ. ಕೆಳಮನೇಲಿ ಅವನೇ ಕೂತಿದಾನೆ. ನನ್ನನ್ನ ಎರಡೂ ಮನೆಯವರು ಕರೀಬಹುದು."

"ಹೂಂ."

"ಒಳ್ಳೇ ಮನೆಗಳು."

ನೆಲ್ದಾ ನಗಲಿಲ್ಲ. "ಕೇಳು ಮನಾಂಗ್. ನೀನು ಹೆಸರು ಹೇಳಿದ್ರೆ ಅಧ್ಯಕ್ಷ ತೆಗೆಸ್ತಾನೆ. ಸಾಕ್ಷಿ ಮಾತು ತೆಗೆಯೋಕೆ ಸುತ್ತಿಗೆಯ ಒಂದು ಪೆಟ್ಟು ಸಾಕು. ಮತ್ತೆ ಹೇಳಿದ್ರೆ ಸದನ ನಿಂದನೆ ಅಂತ ಒಳಗೆ ಹಾಕ್ತಾರೆ. ಹತ್ತು ದಿನ. ಅವನೋ, ಅಲ್ಲಿ ಕೂತು ನಿನ್ನನ್ನ ಏನು ಬೇಕಾದ್ರೂ ಅನ್ನಬಹುದು. ಸದಸ್ಯ ಒಳಗೆ ಆಡಿದ ಮಾತಿಗೆ ಹೊರಗೆ ಯಾವ ಕೋರ್ಟೂ ಅವನನ್ನ ಹಿಡಿಯೋ ಹಾಗಿಲ್ಲ. ಆ ಮಾತನ್ನ ತೆಗೆಯೋಕೆ ಅಧ್ಯಕ್ಷನಿಗೂ ಅಧಿಕಾರ ಇಲ್ಲ. ಇಡೀ ಸದನ ಸೇರಿ ಮತ ಹಾಕಬೇಕು. ಸದನಕ್ಕೆ ಈಗ ಬಿಡುವು. ಸೇರೋದು ಇನ್ನು ಏಳು ವಾರಕ್ಕೆ."

ಕ್ರಿಸಂತಾ ಅನ್ನ ಕಲಸುವುದನ್ನು ನಿಲ್ಲಿಸಿದಳು.

"ಅವನ ಮಾತು ತೆಗೆಯೋಕಾಗಲ್ಲವಾ?"

"ಆಗಲ್ಲ. ಅವರ ಬಾಯಿಂದ ಬಂದದ್ದೆಲ್ಲ ಚಿನ್ನ."

"ಅದು ಅವನಿಗೆ ಗೊತ್ತಾ?"

"ಮೂರನೇ ಸಲ ಗೆದ್ದಿದಾನೆ. ಗೊತ್ತಿಲ್ಲದೆ ಏನು? ಅದಕ್ಕೇ ಅಷ್ಟು ಧಿಮಾಕು."

ಕ್ರಿಸಂತಾ ತೋಟದ ಒಂದು ಮಧ್ಯಾಹ್ನವನ್ನು ನೆನೆಯುತ್ತಿದ್ದಳು. ಕಟಾವಿನ ಕಾಲ. ಸುಟ್ಟ ಕಬ್ಬಿನ ಮಸಿ ಮೂಗು, ಬಾಯಿ, ಕಣ್ಣಿನ ಅಂಚಿನಲ್ಲೆಲ್ಲ. ಮೆಲಿತೊನ್ ಕೈಯಲ್ಲಿ ಕತ್ತಿ ಹಿಡಿದೇ ಒಡೆಯನ ಹತ್ತಿರ ಹೋಗಿ, ಹೊಲಕ್ಕೆ ಒಂದು ಡ್ರಮ್ ಕುಡಿಯುವ ನೀರು ಬೇಕು ಎಂದಿದ್ದ. ಡಾನ್ ಫೌಸ್ತೊ ಬೈಯಲಿಲ್ಲ. ಅವನು ಯಾವತ್ತೂ ಮೊದಲು ಬೈಯುವವನಲ್ಲ. ತುಟಿ ಜೋಲು ಮಾಡಿ, ಮೂಗಿನಲ್ಲಿ ರಾಗ ಎಳೆದು, ಮೆಲಿತೊನ್ ದನಿಯಲ್ಲೇ, "ಅಯ್ಯೋ ನಮಗೆ ನೀರು ಬೇಕು, ನಾವು ಸಾಯ್ತಿದೀವಿ" ಎಂದು ಅಣಕಿಸಿದ. ಮೇಸ್ತ್ರಿಗಳು ಹೊಟ್ಟೆ ಹಿಡಿದು ನಕ್ಕರು. ಕೂಲಿಗಳೂ ನಕ್ಕರು. ನಗದಿದ್ದರೆ ನಾಳೆಯ ಕೂಲಿ ಇರುವುದಿಲ್ಲ. ಯಾರು ಏನು ಕೇಳಿದರೂ ಅವನು ಹೀಗೇ. ಹೇಳಿದ್ದನ್ನು ಹೇಳಿದವನ ಬಾಯಿಗೇ ತುರುಕುತ್ತಿದ್ದ. ಅಪ್ಪನಿಂದ ಬಂದ ಚಾಳಿ ಅದು. ಮುದಿ ಡಾನ್ ಕೂಡ ಹಾಗೆಯೇ ಇದ್ದನಂತೆ.

"ಹೋಗೋಣ," ಎಂದಳು ಕ್ರಿಸಂತಾ.

"ಜೈಲು, ಮನಾಂಗ್."

"ಹೋಗೋಣ ಅಂದೆನಲ್ಲ."

ಕೆಳಮನೆಗೆ ಅವಳು ಬರಿಗಾಲಲ್ಲಿ ಬಂದಳು. ಬಾಗಿಲ ಕಾವಲಿನವನು ಅವಳ ಪಾದ ನೋಡಿದ, ಗೋಡೆಯ ಬೋರ್ಡು ನೋಡಿದ. ಬೋರ್ಡಿನಲ್ಲಿ ಚಪ್ಪಲಿ ಬೇಡ ಎಂದಿತ್ತು, ಬರಿಗಾಲಿನ ಮಾತಿರಲಿಲ್ಲ. ಒಳಗೆ ಬಿಟ್ಟ.

ಈ ಕೋಣೆ ಇನ್ನೂ ದೊಡ್ಡದು. ಸದಸ್ಯರೂ ಹೆಚ್ಚು. ಡಾನ್ ಫೌಸ್ತೊ ಅಧ್ಯಕ್ಷನ ಬಲಕ್ಕೆ ಕೂತಿದ್ದ. ಅನಾನಸ್ ನಾರಿನ ಬಿಳಿ ಅಂಗಿ, ಒಳಗಿನ ಬನಿಯನ್ ಕಾಣುವಷ್ಟು ತೆಳು. ಅವಳು ಒಳಗೆ ಬಂದಾಗ ಅವನು ಕೈ ಬೀಸಿದ, ತೋಟದಲ್ಲಿ ಬೀಸುತ್ತಿದ್ದ ಹಾಗೆಯೇ.

"ಬಾ ಇಂದಾಯ್, ಬಾ. ಊಟ ಆಯ್ತಾ?"

ಇಂದಾಯ್ ಎಂದರೆ ಹುಡುಗಿ. ಅವಳಿಗೆ ಐವತ್ತೆರಡು. ತೋಟದ ಮನೆಯಲ್ಲಿ ಪಾತ್ರೆ ತಿಕ್ಕುವವರೆಲ್ಲ ಇಂದಾಯ್.

ಪ್ರಮಾಣ ಆಯಿತು. ಅಧ್ಯಕ್ಷ ನಿಯಮ ಓದಿದ: ಪ್ರತಿ ಉತ್ತರವೂ 'ಗೌರವಾನ್ವಿತರೇ' ಎಂದು ಶುರುವಾಗಬೇಕು. ಸದಸ್ಯರ ಮೇಲೆ ಆರೋಪ ಮಾಡುವ ಹಾಗಿಲ್ಲ. ಸ್ಟೆನೋಗ್ರಾಫರ್ ಒಬ್ಬ ಒಣಕಲು ಮನುಷ್ಯ, ದಪ್ಪ ಕನ್ನಡಕ. ಪುಟ್ಟ ಯಂತ್ರದ ಮೇಲೆ ಬೆರಳಿಟ್ಟು ಯಾರ ಮುಖವನ್ನೂ ನೋಡದೆ ಕೂತಿದ್ದ.

"ಉಪಾಧ್ಯಕ್ಷರು ಪ್ರಶ್ನೆ ಕೇಳಬಹುದು."

"ಕಷ್ಟದ್ದೇನೂ ಕೇಳಲ್ಲ," ಎಂದ ಡಾನ್ ಫೌಸ್ತೊ. "ಅವತ್ತು ಹೊಲದಲ್ಲಿ ಯಾರನ್ನೋ ಕಂಡೆ ಅಂತೀಯಂತೆ. ಯಾರನ್ನ ಕಂಡೆ?"

"ಗೌರವಾನ್ವಿತರೇ, ನಿಮ್ಮನ್ನ."

ಸುತ್ತಿಗೆ. "ತೆಗೀರಿ. ಸಾಕ್ಷಿಗೆ ಮೊದಲ ಎಚ್ಚರಿಕೆ."

ಡಾನ್ ಫೌಸ್ತೊ ಕೈ ಎತ್ತಿ ಅಧ್ಯಕ್ಷನನ್ನು ತಡೆದ. ಅವನ ಮುಖದಲ್ಲಿ ನಗು ಇತ್ತು. ಹಿಂದಿನ ಕುರ್ಚಿಗಳಲ್ಲಿ ಅವನ ಕಡೆಯವರು ಮೂರು ಸಾಲು ಕೂತಿದ್ದರು.

"ಹೇಳಲಿ ಬಿಡಿ. ಕಥೆ ಚೆನ್ನಾಗಿದೆ. ನಾನು ಎಲ್ಲಿದ್ದೆ?"

"ನೀಲಿ ಪಿಕಪ್ ಪಕ್ಕ ನಿಂತಿದ್ರಿ."

ಸುತ್ತಿಗೆ. "ತೆಗೀರಿ."

ಡಾನ್ ಫೌಸ್ತೊ ತುಟಿ ಜೋಲು ಮಾಡಿದ. ಮೂಗಿನಲ್ಲಿ ರಾಗ ಎಳೆದ. ಅವಳ ದ್ವೀಪದ ನುಡಿಯ ಏರಿಳಿತವನ್ನೆಲ್ಲ ಹಿಡಿದು, "ಹೂಂ... ನಾನು ನೀಲಿ ಪಿಕಪ್ ಪಕ್ಕ ನಿಂತಿದ್ದೆ," ಎಂದ.

ಹಿಂದಿನವರು ಗೊಳ್ಳೆಂದರು. ಅಧ್ಯಕ್ಷನೂ ಮುಗುಳ್ನಕ್ಕ. ನೆಲ್ದಾ ತಲೆ ತಗ್ಗಿಸಿದಳು. ಮರುಕ್ಷಣವೇ ತಲೆ ಎತ್ತಿ ಕ್ರಿಸಂತಾಳನ್ನು ನೋಡಿದಳು. ಕ್ರಿಸಂತಾ ಅವಳ ಕಡೆ ತಿರುಗಲಿಲ್ಲ.

"ಬಿಸಿಲು ಅಂತ ಒಬ್ಬ ನಿಮಗೆ ಕೊಡೆ ಹಿಡಿದಿದ್ದ."

ಸುತ್ತಿಗೆ.

"ಬಿಸಿಲಲ್ವಾ, ಒಬ್ಬ ನನಗೆ ಕೊಡೆ ಹಿಡಿದಿದ್ದ. ಮುಂದೆ?"

"ನೀವು ಕೈ ಎತ್ತಿದ್ರಿ. ಎತ್ತಿದ ಮೇಲೆ ಗುಂಡು ಹೊಡೆದಿದ್ದು."

ಸುತ್ತಿಗೆ. "ತೆಗೀರಿ. ಎರಡನೇ ಎಚ್ಚರಿಕೆ."

"ನಾನು ಕೈ ಎತ್ತಿದೆ. ಗುಂಡು ಹೊಡೆದರು. ಢಂ!" ಮೇಜಿನ ಮೇಲೆ ಅಂಗೈ ಬಡಿದ. ಅವಳು ಬಗ್ಗುತ್ತಾಳೆಂದು ಎಣಿಸಿದ್ದ. ಮೇಲ್ಮನೆಯಲ್ಲಿ ಬಗ್ಗಿದ್ದನ್ನು ಟಿವಿಯಲ್ಲಿ ನೋಡಿದ್ದ. ಅವಳು ಬಗ್ಗಲಿಲ್ಲ. ಬರಿಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು.

"ನನ್ನ ಗಂಡ ಮೆಲಿತೊನ್ ಗುಂಬಾನ್ ಎರಡೂ ಕೈ ಮೇಲೆತ್ತಿದ. ಕೈಲಿ ಅನ್ನ ಇತ್ತು. ಅವನ ಬಾಯಿಗೆ ಹೊಡೆದ್ರಿ."

ಸುತ್ತಿಗೆ.

"ಅಯ್ಯೋ, ಮೆಲಿತೊನ್ ಗುಂಬಾನ್ ಎರಡೂ ಕೈ ಮೇಲೆತ್ತಿದ. ಕೈಲಿ ಅನ್ನ ಇತ್ತು. ಅವನ ಬಾಯಿಗೆ ಹೊಡೆದ್ವಿ."

ಈಗ ನಗು ಸ್ವಲ್ಪ ಕಡಿಮೆಯಾಗಿತ್ತು. ಸ್ಟೆನೋಗ್ರಾಫರನ ಬೆರಳು ಮಾತ್ರ ಒಂದೇ ಸಮ ಓಡುತ್ತಿತ್ತು.

ಮುಂದಿನ ಮಾತನ್ನು ಕ್ರಿಸಂತಾ ಪೊಲೀಸರಿಗೂ ಹೇಳಿರಲಿಲ್ಲ, ಮೇಲ್ಮನೆಯಲ್ಲೂ ಹೇಳಿರಲಿಲ್ಲ, ನಾದಿನಿಗೂ ಹೇಳಿರಲಿಲ್ಲ. ನಾದಿನಿಗೆ ಮಗಳು ಒಂದೇ ಗುಂಡಿಗೆ ಹೋದಳು ಎಂದಿದ್ದಳು.

"ಲೆಲಾಯ್ ಸತ್ತಿರಲಿಲ್ಲ. ತೆವಳ್ತಿದ್ಲು. ನೀವು ಅಂದ್ರಿ, ಅದನ್ನೂ ಮುಗಿಸ್ರೋ ಅಂತ."

ಸುತ್ತಿಗೆ ಬಿತ್ತು. ಡಾನ್ ಫೌಸ್ತೊನ ನಗು ಮುಖದಲ್ಲೇ ಇತ್ತು, ಆದರೆ ಅದು ಈಗ ಯಾರೋ ಮರೆತು ಬಿಟ್ಟು ಹೋದ ಸಾಮಾನಿನಂತಿತ್ತು. ಹಿಂದಿನವರು ಕಾಯುತ್ತಿದ್ದರು. ಅವನು ನಿಲ್ಲಿಸಿದರೆ ಅವಳು ಗೆದ್ದ ಹಾಗೆ. ಕೂಲಿಯವಳ ಮುಂದೆ ಅವನು ಯಾವತ್ತೂ ಮೊದಲು ಬಾಯಿ ಮುಚ್ಚಿದವನಲ್ಲ.

"ನಾನು ಅಂದೆ, ಅದನ್ನೂ ಮುಗಿಸ್ರೋ," ಎಂದ. ರಾಗ ಸ್ವಲ್ಪ ತಪ್ಪಿತು.

"ಏಳು ಜನ."

ಸುತ್ತಿಗೆ.

"ಏಳು ಜನ. ಎಂಟನೆಯವಳನ್ನ ಬಿಟ್ಟಿದ್ದೇ ನನ್ನ ತಪ್ಪು. ಸಾಕಾ? ಸಾಕಾಯ್ತಾ ನಿನಗೆ?"

"ಸಾಕು," ಎಂದಳು ಕ್ರಿಸಂತಾ.

ಅಧ್ಯಕ್ಷ ಕಾಗದ ಸರಿಪಡಿಸಿಕೊಂಡ. ಸಾಕ್ಷಿ ಎರಡು ಎಚ್ಚರಿಕೆಯನ್ನೂ ಮೀರಿದ್ದಾಳೆ, ಆದ್ದರಿಂದ ಸದನ ನಿಂದನೆಗಾಗಿ ಹತ್ತು ದಿನ ಬಂಧನದ ಠರಾವು ಮಂಡಿಸುವುದಾಗಿ ಹೇಳಿದ. ಅವನು ಅಚ್ಚುಕಟ್ಟಿನ ಮನುಷ್ಯ. "ಈ ವಕೀಲರು ನಾಳೆ ಸುಪ್ರೀಂ ಕೋರ್ಟಿಗೆ ಓಡ್ತಾರೆ. ಎಲ್ಲೂ ಲೋಪ ಇರಬಾರದು. ಸ್ಟೆನೋಗ್ರಾಫರ್, ಪ್ರಶ್ನೆಗಳನ್ನೂ ನಾನು ತೆಗೆಸಿದ್ದನ್ನೂ ಬಿಟ್ಟು, ಕಡತದಲ್ಲಿ ಉಳಿದದ್ದನ್ನ ಓದಿ. ಆಮೇಲೆ ಮತಕ್ಕೆ ಹಾಕೋಣ."

ಸ್ಟೆನೋಗ್ರಾಫರ್ ಕನ್ನಡಕ ಸರಿಮಾಡಿಕೊಂಡ. ಇಪ್ಪತ್ತೆಂಟು ವರ್ಷದಿಂದ ಅವನ ಕೆಲಸ ಒಂದೇ. ಕೇಳಿದ್ದನ್ನು ಬರೆಯುವುದು, ಬರೆದದ್ದನ್ನು ಓದುವುದು. ಓದುವಾಗ ಅವನ ದನಿಗೆ ಏರಿಲ್ಲ, ಇಳಿವಿಲ್ಲ. ಅಳುವವರ ಮಾತನ್ನೂ ಬೈಯುವವರ ಮಾತನ್ನೂ ಅವನು ರೈಲಿನ ವೇಳಾಪಟ್ಟಿಯ ಹಾಗೆ ಓದುತ್ತಿದ್ದ.

ಓದಿದ:

"ಸದಸ್ಯ ಅರ್ಗೆಯೊ: ನಾನು ನೀಲಿ ಪಿಕಪ್ ಪಕ್ಕ ನಿಂತಿದ್ದೆ.

"ಸದಸ್ಯ ಅರ್ಗೆಯೊ: ಒಬ್ಬ ನನಗೆ ಕೊಡೆ ಹಿಡಿದಿದ್ದ.

"ಸದಸ್ಯ ಅರ್ಗೆಯೊ: ನಾನು ಕೈ ಎತ್ತಿದೆ. ಗುಂಡು ಹೊಡೆದರು.

"ಸದಸ್ಯ ಅರ್ಗೆಯೊ: ಮೆಲಿತೊನ್ ಗುಂಬಾನ್ ಎರಡೂ ಕೈ ಮೇಲೆತ್ತಿದ. ಕೈಲಿ ಅನ್ನ ಇತ್ತು. ಅವನ ಬಾಯಿಗೆ ಹೊಡೆದ್ವಿ."

ಪತ್ರಕರ್ತರ ಸಾಲಿನಲ್ಲಿ ಒಬ್ಬಳು ಪೆನ್ನು ಬೀಳಿಸಿಕೊಂಡಳು.

"ನಿಲ್ಲಿಸಿ," ಎಂದ ಅಧ್ಯಕ್ಷ.

"ಓದೋಕೆ ಆದೇಶ ಆಗಿದೆ ಸ್ವಾಮಿ," ಎಂದ ಸ್ಟೆನೋಗ್ರಾಫರ್ ಮುಖ ಎತ್ತದೆ. "ಇನ್ನು ಎರಡೇ ಸಾಲು. ಸದಸ್ಯ ಅರ್ಗೆಯೊ: ನಾನು ಅಂದೆ, ಅದನ್ನೂ ಮುಗಿಸ್ರೋ. ಸದಸ್ಯ ಅರ್ಗೆಯೊ: ಏಳು ಜನ. ಎಂಟನೆಯವಳನ್ನ ಬಿಟ್ಟಿದ್ದೇ ನನ್ನ ತಪ್ಪು."

"ಅದು ತಮಾಷೆ!" ಡಾನ್ ಫೌಸ್ತೊ ಎದ್ದು ನಿಂತ. "ಅವಳನ್ನ ಅಣಕಿಸಿದ್ದು ಅದು! ತೆಗೀರಿ ಅದನ್ನ!"

ಅಧ್ಯಕ್ಷ ಸುತ್ತಿಗೆ ಎತ್ತಿದ. ಗಾಳಿಯಲ್ಲೇ ಹಿಡಿದ. "ಸದಸ್ಯರ ಮಾತು ತೆಗೆಯೋಕೆ... ಸದನ ಸೇರಬೇಕು, ಫೌಸ್ತೊ."

"ಹಾಗಾದ್ರೆ ಅವಳದ್ದನ್ನ ವಾಪಸ್ ಹಾಕಿ!"

ಹಾಕಿದರೆ ಅಣಕವೆಂದು ತಿಳಿಯುತ್ತದೆ, ಆದರೆ ಅವಳ ಆರೋಪವೂ ಅವನ ಹೆಸರೂ ಕಡತದಲ್ಲಿ ಉಳಿಯುತ್ತವೆ. ಅಧ್ಯಕ್ಷನಿಗೆ ಅದು ಹೊಳೆಯಿತು. ಡಾನ್ ಫೌಸ್ತೊನಿಗೂ ಹೊಳೆಯಿತು. ಅವನು ಮೇಜು ಸುತ್ತಿ ಕೆಳಗೆ ಬಂದ. ತೋಟದಲ್ಲಿ ನಡೆಯುವ ಹಾಗೆ ನಡೆದ, ಎದುರಿದ್ದವರು ತಾವೇ ಸರಿಯುತ್ತಾರೆ ಎಂಬ ಹಾಗೆ. ಸರಿದರು ಕೂಡ. ಕೈ ಬೀಸಿ ಅವಳ ಕೆನ್ನೆಗೆ ಹೊಡೆದ.

ಅವಳ ತುಟಿ ಒಡೆಯಿತು. ಎರಡನೆಯ ಸಲ ಕೈ ಎತ್ತಿದ. ಅವಳು ಆ ಮಣಿಕಟ್ಟನ್ನು ಹಿಡಿದಳು.

ಅರ್ಧ ಕಿರುಬೆರಳಿನ ಬಲಗೈ. ದಿನಕ್ಕೆ ಸಾವಿರ ಸಲ ಕತ್ತಿ ಬೀಸಿದ ಕೈ. ಆ ಹಿಡಿತದಲ್ಲಿ ಡಾನ್ ಫೌಸ್ತೊನ ಗಡಿಯಾರದ ಗಾಜು ಪಟ್ ಎಂದಿತು. ಅವನು ಎಳೆದ, ಅವಳು ಬಿಡಲಿಲ್ಲ. ಇನ್ನೊಂದು ಕೈಯಿಂದ ಅವಳ ಎಡ ಭುಜಕ್ಕೆ, ಗುಂಡುಗಳಿದ್ದ ಜಾಗಕ್ಕೇ ಗುದ್ದಿದ. ಅವಳ ಕಣ್ಣು ಕತ್ತಲಿಟ್ಟಿತು. ಬಿಡಲಿಲ್ಲ. ಮಂಡಿಯೂರಿ ಕುಸಿದಳು, ಅವನನ್ನೂ ಜೊತೆಗೆ ಎಳೆದಳು. ತೆಳು ಅಂಗಿಯ ಮೇಲೆ ಅವಳ ತುಟಿಯ ರಕ್ತ ಹತ್ತಿತು. ಮಾರ್ಷಲ್‌ಗಳು ಓಡಿಬಂದರು. ಇಬ್ಬರು ಅವಳ ಬೆರಳುಗಳನ್ನು ಬಿಡಿಸಲು ನೋಡಿದರು. ಆಗಲಿಲ್ಲ. ಮೂರನೆಯವನು ಲಾಠಿಯಿಂದ ಗಿಣ್ಣಿನ ಮೇಲೆ ಹೊಡೆದ. ಒಂದು. ಎರಡು. ಒಣ ಕಬ್ಬು ಮುರಿದ ಸದ್ದಾಯಿತು. ಆಗ ಬಿಟ್ಟಿತು.

"ಬರ್ಕೊ," ಎಂದಳು ಕ್ರಿಸಂತಾ ನೆಲದ ಮೇಲಿಂದ. ಮೈಕು ದೂರ ಇತ್ತು. ಅವಳಿಗೆ ಮೈಕು ಬೇಕಾಗಿರಲಿಲ್ಲ. ನಲವತ್ತು ಸಾಲು ಕಬ್ಬಿನ ಆಚೆಗೆ ಕೇಳುವ ಗಂಟಲು ಅದು. "ಹೊಡೆದ ಅಂತ ಬರ್ಕೊ!"

"ತೆಗೀರಿ!" ಎಂದು ಕಿರುಚಿದ ಅಧ್ಯಕ್ಷ.

"ಹೌದು ಹೊಡೆದೆ!" ಡಾನ್ ಫೌಸ್ತೊ ಮಣಿಕಟ್ಟು ಹಿಡಿದುಕೊಂಡು ಏದುತ್ತಿದ್ದ. "ಹೊಡೆದೆ. ಏನೀಗ? ಬರ್ಕೊಳ್ಳಲಿ!"

ಸ್ಟೆನೋಗ್ರಾಫರ್ ಬರೆದುಕೊಂಡ.

ಹತ್ತು ದಿನ ಅವಳನ್ನು ಕೆಳಮನೆಯ ನೆಲಮಾಳಿಗೆಯ ಕೋಣೆಯಲ್ಲಿ ಇಟ್ಟರು. ಕಿಟಕಿ ಇರಲಿಲ್ಲ. ಎರಡು ಬೆರಳು ಮುರಿದಿದ್ದವು. ವೈದ್ಯ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಅವು ಅಡ್ಡಾದಿಡ್ಡಿ ಕೂಡಿಕೊಳ್ಳಲು ಶುರುಮಾಡಿದ್ದವು. ಮತ್ತೆ ಎಳೆದು ಕೂಡಿಸಿದ. ಅವಳು ಕಿರುಚಿದ್ದು ಕಾರಿಡಾರಿನ ತನಕ ಕೇಳಿತು. ಇನ್ನು ಈ ಕೈ ಕತ್ತಿ ಹಿಡಿಯಲಾರದು ಎಂದು ಅವನು ಹೇಳಿದ. ಪ್ರತಿ ಬೆಳಿಗ್ಗೆ ಗುಮಾಸ್ತನೊಬ್ಬ ಬಂದು, ಕ್ಷಮೆ ಕೇಳ್ತೀಯಾ, ಇವತ್ತೇ ಬಿಡ್ತೀವಿ ಎನ್ನುತ್ತಿದ್ದ. ಅವಳು ಪ್ರತಿ ಬೆಳಿಗ್ಗೆ ಇಲ್ಲ ಎನ್ನುತ್ತಿದ್ದಳು. ಏಳನೆಯ ದಿನ ಅವನು ಬಂದಾಗ ಅವಳು ನಿದ್ದೆಯಲ್ಲಿದ್ದಳು. ನಿದ್ದೆಯಲ್ಲೇ ಇಲ್ಲ ಎಂದಳು.

ಊರಿನಲ್ಲಿ ಅವಳ ಗುಡಿಸಲಿಗೆ ಯಾರೋ ಬೆಂಕಿ ಇಟ್ಟರು. ಆ ಕಾಗದದಲ್ಲೂ ಪೊಲೀಸರು 'ಅಪರಿಚಿತರು' ಎಂದೇ ಬರೆದರು.

ಬಿಡುಗಡೆಯಾದ ಮೂರನೆಯ ದಿನ ಮೇಲ್ಮನೆಯ ಸಮಿತಿ ಸೇರಿತು. ಸೇರದೆ ಬೇರೆ ದಾರಿ ಇರಲಿಲ್ಲ. ಕೆಳಮನೆಯ ಕಡತದ ಆ ಪುಟ ಅಷ್ಟರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅವರ ಕಡತದಲ್ಲಿ ಬಂದರೆ ಓದಲೇಬೇಕಾಗುತ್ತೆ ಎಂದು ಅಧ್ಯಕ್ಷೆ ಕ್ಯಾಮೆರಾಗಳ ಮುಂದೆ ಆಡಿದ್ದ ಮಾತೂ ಅದರ ಪಕ್ಕದಲ್ಲೇ ಬಂದಿತ್ತು. ಈ ಓದಿನಿಂದ ಯಾರೂ ಜೈಲಿಗೆ ಹೋಗಲ್ಲ, ಸದಸ್ಯನ ಮಾತಿಗೆ ರಕ್ಷಣೆ ಇದೆ ಎಂದು ನೆಲ್ದಾ ಮೊದಲೇ ಎಚ್ಚರಿಸಿದ್ದಳು. "ಆದ್ರೆ ಯಾರ ಹೆಸರೂ ಇಲ್ಲ ಅಂತ ಆ ಸರ್ಕಾರಿ ವಕೀಲ ಇನ್ನು ಹೇಳೋಕಾಗಲ್ಲ ಮನಾಂಗ್. ಅಲ್ಲಿಂದ ನಾನು ಶುರುಮಾಡ್ತೀನಿ."

ಕ್ರಿಸಂತಾ ಬರಿಗಾಲಲ್ಲಿ ಬಂದು ಪುಟ್ಟ ಮೇಜಿನ ಹಿಂದೆ ಕೂತಳು. ಬಲಗೈಗೆ ಹಲಗೆ ಕಟ್ಟಿತ್ತು. ಪ್ರಮಾಣಕ್ಕೆ ಅದನ್ನೇ ಎತ್ತಿದಳು.

ಅಧ್ಯಕ್ಷೆಯ ಕುತ್ತಿಗೆಯಲ್ಲಿ ಈ ದಿನ ಮುತ್ತಿನ ಸರ ಇರಲಿಲ್ಲ. ಕೆಳಮನೆಯ ಮುದ್ರೆ ಇದ್ದ ಕಾಗದವನ್ನು ಕೈಗೆತ್ತಿಕೊಂಡಳು. ಓದುವ ಮೊದಲು ನೀರು ಕುಡಿದಳು. ಮತ್ತೊಮ್ಮೆ ಕುಡಿದಳು.

"ಸದಸ್ಯ," ಎಂದು ನಿಲ್ಲಿಸಿದಳು.

ಕ್ರಿಸಂತಾ ಕಾದಳು.

"ಸದಸ್ಯ ಫೌಸ್ತೊ ಅರ್ಗೆಯೊ," ಎಂದು ಓದಿದಳು ಅಧ್ಯಕ್ಷೆ. "ನಾನು ನೀಲಿ ಪಿಕಪ್ ಪಕ್ಕ ನಿಂತಿದ್ದೆ." ಕೊನೆಯ ಸಾಲಿನ ತನಕ ಓದಿದಳು. ಹೊಡೆದೆ ಎಂಬಲ್ಲಿಗೆ ಮುಗಿಯಿತು. ಸುತ್ತಿಗೆ ಮೇಜಿನ ಮೇಲೆ ಮಲಗಿಯೇ ಇತ್ತು.

ಕಾಗದ ಕೆಳಗಿಟ್ಟು, ಕಣ್ಣು ಬೇರೆಲ್ಲೋ ನೆಟ್ಟು ಕೇಳಿದಳು: "ಸಾಕ್ಷಿಗೆ ಏನಾದರೂ ಹೇಳೋದಿದೆಯಾ?"

"ಇನ್ನೊಂದು ಸಲ ಓದಿ," ಎಂದಳು ಕ್ರಿಸಂತಾ.